ಬೇಡಿಕೆ ಸೊನ್ನೆ, ಪಾತ್ರೆ ಖಾಲಿ

ವಿಶ್ವವಿದ್ಯಾಲಯದ ಭೋಜನ ಸೌಹಾರ್ದ ಸಮಿತಿಯ ಸಂಚಾಲಕರೂ, ಭೂವಿಜ್ಞಾನದ ಹಿರಿಯ ಪ್ರಾಧ್ಯಾಪಕರೂ, ಎಂಥ ಸಭೆ ನಡೆಯುತ್ತಿದ್ದರೂ ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಊಟಕ್ಕೆ ಏಳುವವರೂ ಆದ ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ಒಂದು ಸಭೆಯನ್ನೂ ತಪ್ಪಿಸಿಕೊಳ್ಳದ ಆ ಬಿಸ್ಕತ್ತಿನ ಡಬ್ಬಿಗೂ ನನ್ನ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಹೊತ್ತು ಹೊತ್ತಿಗೆ ಊಟವಾಗುವವರು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತಾರೆ. ಇತ್ತ ನಮ್ಮ ಕ್ಷೇಮ ಸಮಾಚಾರವೇ ಈ ಪತ್ರದ ವಿಷಯವಾಗಿರುವುದರಿಂದ ಅದನ್ನು ಒಂದೇ ಸಾಲಿನಲ್ಲಿ ಮುಗಿಸುವಂತಿಲ್ಲ. ದಯವಿಟ್ಟು ಕುರ್ಚಿಗೆ ಒರಗಿ, ಕನ್ನಡಕ ಒರೆಸಿಕೊಂಡು ಓದಬೇಕೆಂದು ಕೋರುತ್ತೇನೆ.

ಮೊದಲಿಗೆ ಅಭಿನಂದನೆಗಳು. ಕ್ಯಾಂಟೀನಿನ ಬಾಗಿಲ ಪಕ್ಕದ ಫಲಕದಲ್ಲಿ, ಕಳೆದುಹೋದ ಛತ್ರಿಯ ಪ್ರಕಟಣೆಗೂ ಗಿಟಾರ್ ತರಗತಿಯ ಜಾಹೀರಾತಿಗೂ ನಡುವೆ, ತಮ್ಮ ಸಮಿತಿಯ ವರದಿ ಅಂಟಿಸಿರುವುದನ್ನು ಕಣ್ಣಾರೆ ಕಂಡು ಧನ್ಯಳಾದೆ. ಕ್ಯಾಂಟೀನಿನಲ್ಲಿ ಹಲಾಲ್ ಊಟ ಕೊಡುವ ಒಂದು ತಿಂಗಳ ಪ್ರಯೋಗ ಯಶಸ್ವಿಯಾಗಿ ಮುಗಿದಿದೆಯೆಂದೂ, ಗುರಿ ಗುಂಪಿನಿಂದ ಬಂದ ಬೇಡಿಕೆ ಸೊನ್ನೆಯೆಂದೂ, ಆದಕಾರಣ ಸದರಿ ಸೇವೆಯನ್ನು ಸಂತೋಷದಿಂದ ನಿಲ್ಲಿಸಲಾಗಿದೆಯೆಂದೂ ಅದರಲ್ಲಿ ಬರೆದಿದೆ. ನಾನು ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಮಾಡುವವಳು. ಅಂಕಿಅಂಶಗಳ ನಡುವೆಯೇ ನನ್ನ ಕೂದಲು ನೆರೆಯುತ್ತಿದೆ. ಯಾವ ಸಮೀಕ್ಷೆ ಮಾಡಿದರೂ ಎಲ್ಲಿಂದಲೋ ಒಬ್ಬ ಕಿಡಿಗೇಡಿಯಾದರೂ ಬಂದು ‘ಹೌದು’ ಎಂದು ಗುರುತು ಹಾಕಿ ಹೋಗಿರುತ್ತಾನೆ, ಶುದ್ಧವಾದ ಸೊನ್ನೆ ಸಿಗುವುದು ಬಲು ಅಪರೂಪ. ಅಂಥ ಸೊನ್ನೆಯನ್ನು ತಾವು ಮೊದಲ ಪ್ರಯತ್ನದಲ್ಲೇ ಪಡೆದಿದ್ದೀರಿ. ಅದನ್ನು ಹೇಗೆ ಪಡೆದಿರೆಂಬುದು ಲೋಕಕ್ಕೆ ತಿಳಿಯಲಿ ಎಂಬ ಆಸೆಯಿಂದಲೇ ಈ ಪತ್ರವನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸದೆ ಪತ್ರಿಕೆಗೆ ಕೊಟ್ಟಿದ್ದೇನೆ.

ನನ್ನ ಪರಿಚಯ ಇಷ್ಟು ಸಾಲದಿದ್ದರೆ, ವೈದ್ಯಕೀಯ ಮೊದಲ ವರ್ಷದಲ್ಲಿ ಓದುತ್ತಿರುವ ಒಬ್ಬ ಹುಡುಗಿಯ ಅಕ್ಕನೆಂದು ಹೇಳಿದರೆ ತಮಗೆ ನೆನಪಾಗಬಹುದು. ಮನೆಯಲ್ಲಿ ಅವಳನ್ನು ಕರೆಯುವುದು ಪುಟ್ಟಿಯೆಂದು. ತಮ್ಮ ಸಭೆಗೆ ಒಂದು ದಿನ ಬಂದು, ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕುಳಿತು, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಎದ್ದುಹೋದವಳು ಅವಳೇ. ತಮ್ಮ ವರದಿಯಲ್ಲಿ ‘ಫಲಾನುಭವಿಗಳ ಪ್ರತಿನಿಧಿ’ ಎಂದು ಬಂದಿರುವುದೂ ಅವಳೇ. ಫಲ ಯಾವುದೆಂದು ಅವಳಿನ್ನೂ ಹುಡುಕುತ್ತಿದ್ದಾಳೆ, ಅನುಭವವಂತೂ ಬೇಕಾದಷ್ಟು ಆಗಿದೆ.

ಅವಳು ಇಲ್ಲಿಗೆ ಬಂದಾಗ ಕೆನ್ನೆ ತುಂಬಿಕೊಂಡು ಬಂದಿದ್ದಳು. ನಮ್ಮ ವಿಶ್ವವಿದ್ಯಾಲಯ ಊರಿನ ಗದ್ದಲದಿಂದ ದೂರದಲ್ಲಿ, ಜ್ಞಾನಕ್ಕೆ ಹತ್ತಿರದಲ್ಲಿ ಇದೆ ಎಂದು ಪ್ರವೇಶ ಕೈಪಿಡಿಯಲ್ಲಿ ಬರೆದಿದ್ದಾರೆ. ಊರಿನ ಹೋಟೆಲುಗಳಿಂದಲೂ ಅಷ್ಟೇ ದೂರದಲ್ಲಿದೆ ಎಂಬುದನ್ನು ಸಂಕೋಚದಿಂದ ಬಿಟ್ಟಿದ್ದಾರೆ. ಹಾಸ್ಟೆಲ್ ಕೋಣೆಯಲ್ಲಿ ಅಡುಗೆ ಮಾಡುವಂತಿಲ್ಲ. ಮಾಡಿ ನೋಡಿದ್ದಕ್ಕೆ ನನ್ನ ವಿದ್ಯುತ್ ಒಲೆಯನ್ನು ವಾರ್ಡನ್ ಅವರು ಬೆಂಕಿಯ ಅಪಾಯವೆಂದು ಎತ್ತಿಕೊಂಡು ಹೋದರು, ಅಂದಿನಿಂದ ಸಂಜೆ ಹೊತ್ತಿಗೆ ಅವರ ಕೋಣೆಯಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿರುವುದು ಬಹುಶಃ ಅಪಾಯದ ತಪಾಸಣೆಗಾಗಿ ಇರಬಹುದು. ಹೀಗಾಗಿ ಉಳಿದದ್ದು ಕ್ಯಾಂಟೀನ್ ಒಂದೇ. ಅಲ್ಲಿ ಮಾಂಸ ಹಲಾಲ್ ಅಲ್ಲ, ಎಂದರೆ ನಮ್ಮ ನಂಬಿಕೆಯಂತೆ ದೇವರ ಹೆಸರು ಹೇಳಿ ಕೊಯ್ದದ್ದಲ್ಲ. ಹಂದಿಯಂತೂ ನಮಗೆ ಪೂರ್ತಿ ವರ್ಜ್ಯ. ಹಾಗಾದರೆ ತರಕಾರಿ ತಿನ್ನಬಹುದಲ್ಲ ಎಂದು ತಾವು ಕೇಳಿದ್ದಿರಿ, ಎಲ್ಲರೂ ಕೇಳುತ್ತಾರೆ. ತರಕಾರಿಯನ್ನು ಮಾಂಸ ಬೇಯಿಸಿದ ನೀರಿನಲ್ಲೇ ಬೇಯಿಸುತ್ತಾರೆ, ಮೀನನ್ನು ಹಂದಿ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. ನಾನು ಬೇಯಿಸಿದ ಮೊಟ್ಟೆ ತಿಂದು ಇಷ್ಟು ವರ್ಷ ದೂಡಿದ್ದೇನೆ, ಪುಟ್ಟಿಗೆ ಮೊಟ್ಟೆ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ.

ಕೊನೆಗೆ ಅವಳ ಕೈ ಹಿಡಿದದ್ದು ಬೇಯಿಸಿದ ಆಲೂಗಡ್ಡೆ. ಬೆಳಗ್ಗೆ ಆಲೂಗಡ್ಡೆ, ಮಧ್ಯಾಹ್ನ ಆಲೂಗಡ್ಡೆ, ರಾತ್ರಿ ಬದಲಾವಣೆ ಇರಲೆಂದು ಬ್ರೆಡ್ಡಿನ ಜೊತೆ ಆಲೂಗಡ್ಡೆ. ಆದರೂ ಅವಳು ಖುಷಿಯಾಗಿಯೇ ಇದ್ದಳೆಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ತಾವು ಕಸಿದುಕೊಂಡದ್ದು ಏನೆಂದು ತಮಗೆ ತಿಳಿಯಬೇಕಲ್ಲ. ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಅವಳ ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ ಕೂರುತ್ತಿದ್ದರು. ಅವಳ ಕೋಣೆಯ ಜೊತೆಗಾತಿ, ನಾವೆಲ್ಲ ಉದ್ದಜಡೆ ಎಂದು ಕರೆಯುವ ಹುಡುಗಿ, ದಿನಾ ಬಂದು “ಇವತ್ತೇನೇ ಸ್ಪೆಷಲ್ಲು?” ಎಂದು ಕೇಳುವುದು, ಇವಳು ಆಲೂಗಡ್ಡೆಯನ್ನು ಮುಚ್ಚಿಟ್ಟುಕೊಂಡು “ಹೇಳಲ್ಲ” ಎನ್ನುವುದು, ಎಲ್ಲರೂ ಬಿದ್ದು ಬಿದ್ದು ನಗುವುದು ನಡೆದೇ ಇತ್ತು.

ಆಲೂಗಡ್ಡೆಯ ಮೇಲೆ ಆ ಹೊಳಪು ಎಲ್ಲಿಂದ ಬರುತ್ತದೆಂದು ಅವಳು ಒಂದು ದಿನ ಸುಮ್ಮನೆ ಮಾತಿಗೆ ಬಾಣಸಿಗರನ್ನು ಕೇಳಿದಳು. ಅವರು ಒಳ್ಳೆಯ ಮನುಷ್ಯ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. “ಅದಾ? ಹಂದಿ ಕೊಬ್ಬು ಕಣಮ್ಮಾ, ಒಂಚೂರು ಸವರ್ತೀನಿ. ಇಲ್ದಿದ್ರೆ ಒಣಗಿದಂಗೆ ಕಾಣುತ್ತೆ, ನೀವು ಮಕ್ಕಳು ತಿನ್ನಲ್ಲ” ಎಂದು ಹೆಮ್ಮೆಯಿಂದ ಹೇಳಿದರು. ಪುಟ್ಟಿ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡು ಹೋಗಿ ತೊಳೆಯುವ ಜಾಗದಲ್ಲಿ ಇಟ್ಟು ಬಂದಳು. ಕಾರಣ ತಿಳಿದಾಗ ಆ ಮನುಷ್ಯ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅವರು ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊಬ್ಬಿಲ್ಲದ ಆಲೂಗಡ್ಡೆ ಬೇಯಿಸಿ ಕೊಡುತ್ತೇನೆಂದರು, ಆದರೆ ಅವಳು ಆಮೇಲೆ ಆಲೂಗಡ್ಡೆಯ ಹತ್ತಿರವೂ ಸುಳಿಯಲಿಲ್ಲ. ಉಳಿದದ್ದು ಬ್ರೆಡ್ಡು ಮತ್ತು ಬಾಳೆಹಣ್ಣು.

ಬ್ರೆಡ್ಡು ಬಾಳೆಹಣ್ಣಿನ ಮೇಲೆ ಅವಳು ಅಂಗರಚನಾಶಾಸ್ತ್ರದ ಪ್ರಾಯೋಗಿಕ ತರಗತಿಗೆ ಹೋದಳು, ಶವದ ಮುಂದೆ ನಿಂತವಳು ಹಾಗೆಯೇ ಕುಸಿದಳು. ಅವಳ ಅಧ್ಯಾಪಕರು ಇದು ಸೂಕ್ಷ್ಮ ಮನಸ್ಸಿನ ಲಕ್ಷಣವೆಂದು ಇಡೀ ತರಗತಿಯ ಮುಂದೆ ಹೊಗಳಿದರಂತೆ. ಸೂಕ್ಷ್ಮ ಮನಸ್ಸೂ ಇಲ್ಲ, ಏನೂ ಇಲ್ಲ, ಹೊಟ್ಟೆ ಖಾಲಿ ಇತ್ತು ಅಷ್ಟೇ. ಸುದ್ದಿ ಮನೆಗೆ ಮುಟ್ಟಿ, ಅಮ್ಮ ಫೋನಿನಲ್ಲಿ “ಓದೂ ಬೇಡ, ಡಾಕ್ಟರಿಕೆಯೂ ಬೇಡ. ನಾಳೆ ಬಂದು ಕರ್ಕೊಂಡು ಹೋಗ್ತೀನಿ” ಎಂದು ಹಟ ಹಿಡಿದಳು. ಪುಟ್ಟಿ ಅತ್ತು ಕರೆದು ರಂಪ ಮಾಡಿದಳು. ಕೊನೆಗೆ ನಾನು ನಡುವೆ ಬಾಯಿ ಹಾಕಿ, ಪರೀಕ್ಷೆ ಮುಗಿಯುವುದರೊಳಗೆ ಅವಳ ಊಟದ ವ್ಯವಸ್ಥೆ ಮಾಡಿಸುತ್ತೇನೆ, ಆಗದಿದ್ದರೆ ನಾನೇ ಕರೆದುಕೊಂಡು ಬಂದು ಬಿಡುತ್ತೇನೆಂದು ಮಾತು ಕೊಟ್ಟೆ. ಆ ಮಾತನ್ನು ಹಿಡಿದುಕೊಂಡೇ ತಮ್ಮ ಬಾಗಿಲಿಗೆ ಬಂದದ್ದು.

ನಾವು ಕೇಳಿದ್ದು ಏನೆಂದು ತಮಗೆ ಮರೆತಿದ್ದರೆ ನೆನಪಿಸುತ್ತೇನೆ. ಊರಿನ ಹಲಾಲ್ ಅಂಗಡಿಯಿಂದ ತಂದ ಕೋಳಿ, ಅದಕ್ಕೊಂದು ಬೇರೆ ಪಾತ್ರೆ, ಒಂದು ಸೌಟು, ಒಂದು ಮುಚ್ಚಳ. ಬೇರೆಯವರ ತಟ್ಟೆಯಿಂದ ಏನನ್ನೂ ತೆಗೆಯಬೇಕಿರಲಿಲ್ಲ. ಬಾಣಸಿಗರು “ಅಷ್ಟೇನಾ? ನಾಳೆಯಿಂದ್ಲೇ ಮಾಡ್ತೀನಿ ಬಿಡಿ” ಎಂದಿದ್ದರು. ವಿಷಯ ಇಷ್ಟು ಸುಲಭವಾಗಿ ಮುಗಿದುಹೋದರೆ ವಿಶ್ವವಿದ್ಯಾಲಯದ ಘನತೆ ಏನಾಗಬೇಕು? ತಾವು ಸಕಾಲದಲ್ಲಿ ಮಧ್ಯೆ ಬಂದು, ಸೌಟಿನ ಪ್ರಶ್ನೆಯನ್ನು ಸಮಿತಿಯೊಂದಕ್ಕೆ ಒಪ್ಪಿಸಿ, ಆ ಅನಾಹುತವನ್ನು ತಪ್ಪಿಸಿದಿರಿ.

ಸಮಿತಿಯ ರಚನೆಯನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಭೂವಿಜ್ಞಾನಕ್ಕೆ ತಾವು, ಭದ್ರತೆಗೆ ಭದ್ರತಾಧಿಕಾರಿಗಳು, ಪ್ರಚಾರಕ್ಕೆ ಪ್ರಚಾರಾಧಿಕಾರಿಗಳು, ಸೌಂದರ್ಯಕ್ಕೆ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರು. ಆ ಊಟವನ್ನು ಉಣ್ಣುವವರು ಒಬ್ಬರೂ ಸಮಿತಿಯಲ್ಲಿ ಇರದಂತೆ ತಾವು ವಹಿಸಿದ ಎಚ್ಚರ, ನಿಷ್ಪಕ್ಷಪಾತಕ್ಕೆ ಹಿಡಿದ ಕನ್ನಡಿ. ಆದರೂ ಉದಾರವಾಗಿ ಒಂದು ದಿನ ಪುಟ್ಟಿಯನ್ನು ಕರೆಸಿಕೊಂಡಿರಿ. ಮೇಜಿನ ಮೇಲೆ ಎಲ್ಲರಿಗೂ ಹಂದಿ ಮಾಂಸದ ಸ್ಯಾಂಡ್‌ವಿಚ್ ಇಟ್ಟಿತ್ತಂತೆ. ಅವಳಿಗೆ ಅದು ಆಗುವುದಿಲ್ಲವೆಂದು ಯಾರೋ ಪುಣ್ಯಾತ್ಮರಿಗೆ ನೆನಪಾಗಿ, ಓಡಿಹೋಗಿ, ಅವಳಿಗೆಂದೇ ಒಂದು ಬೇಯಿಸಿದ ಆಲೂಗಡ್ಡೆ ತಂದು ಮುಂದಿಟ್ಟರಂತೆ. ಹೊಳೆಯುತ್ತಿತ್ತಂತೆ. ಆಗ ತಾವು ಮುಂದಕ್ಕೆ ಬಾಗಿ, ತುಂಬು ಅಕ್ಕರೆಯಿಂದ, “ನಿಮಗೆ ಇಲ್ಲಿ ನಮ್ಮವರ ಮಧ್ಯೆ ಇದ್ದ ಹಾಗೆ ಅನ್ನಿಸ್ತಾ ಇದೆಯಾಮ್ಮ?” ಎಂದು ಕೇಳಿದಿರಿ. ಅವಳು ಹಿರಿಯರಿಗೆ ಎದುರಾಡಿ ಬೆಳೆದವಳಲ್ಲ. “ಹೌದು ಸರ್” ಎಂದಳು. ಆ ಎರಡು ಪದ ವರದಿಯಲ್ಲಿ ‘ಫಲಾನುಭವಿಗಳು ಪೂರ್ಣ ತೃಪ್ತಿ ವ್ಯಕ್ತಪಡಿಸಿದರು’ ಎಂದು ಹೂವಾಗಿ ಅರಳಿರುವುದನ್ನು ಓದಿ ನಾನು ಬೆರಗಾದೆ.

ಅಷ್ಟರಲ್ಲಿ ಏಕತಟ್ಟೆ ವೇದಿಕೆ ಎಂಬ ವಿದ್ಯಾರ್ಥಿ ಸಂಘ ಎದ್ದು ನಿಂತಿತು. ಎಲ್ಲರೂ ಒಂದೇ ತರಹದ ಊಟ ಮಾಡದಿದ್ದರೆ ದೇಶ ಹೋಳಾಗುತ್ತದೆಂಬುದು ಅವರ ಕಳವಳ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಸೋಯಾ ಹಾಲು ತಂದಾಗ, ತೂಕ ಇಳಿಸುವವರಿಗೆ ಹಸಿ ಸೊಪ್ಪಿನ ಕೌಂಟರ್ ತೆರೆದಾಗ, ಕುಸ್ತಿ ತಂಡಕ್ಕೆ ಮಾಂಸದ ಪಾಲು ಹೆಚ್ಚಿಸಿದಾಗ ದೇಶ ಹೇಗೋ ತಡೆದುಕೊಂಡಿತ್ತು. ಪುಟ್ಟಿಯ ಕೋಳಿಯ ಭಾರವನ್ನು ಮಾತ್ರ ತಡೆಯಲಾರದೆ ಹೋಯಿತು. ತಾವಾದರೋ ಯಾರನ್ನೂ ನೋಯಿಸುವವರಲ್ಲ. ಊಟ ಕೇಳಿದವರಿಗೆ ಊಟವನ್ನೂ, ಊಟ ಕೊಡಬೇಡಿ ಎಂದವರಿಗೆ ಕೊಡದ ಸಮಾಧಾನವನ್ನೂ ಒಟ್ಟಿಗೆ ಕೊಡುವ ದಾರಿ ಹುಡುಕಿದಿರಿ.

ಆ ದಾರಿ ಕ್ಯಾಂಟೀನಿನ ನೆಲದ ಮೇಲೆ ಹಳದಿ ಪಟ್ಟಿಯಾಗಿ ಮೂಡಿತು. ಪಟ್ಟಿಯಾಚೆ ಹಲಾಲ್ ಕೌಂಟರ್. ಯಾರೂ ಗೊತ್ತಿಲ್ಲದೆ ತಿಂದು ತೊಂದರೆಗೆ ಸಿಕ್ಕಬಾರದೆಂದು ಅದರ ನೆತ್ತಿಯ ಮೇಲೆ ಎಚ್ಚರಿಕೆಯ ಫಲಕ. ಬೇರೆಯವರ ತಟ್ಟೆಯ ಜೊತೆ ಬೆರೆಯಬಾರದೆಂದು ಹಸಿರು ತಟ್ಟೆ. ಹಸಿರು ತಟ್ಟೆಯವರು ಆರಾಮವಾಗಿ ಕೂರಲೆಂದು ಪಾತ್ರೆ ತೊಳೆಯುವ ಯಂತ್ರದ ಮಗ್ಗುಲಲ್ಲಿ, ಅದರ ಆವಿ ಮುಖಕ್ಕೆ ಹೊಡೆಯುವಲ್ಲಿ, ‘ಮೀಸಲು’ ಎಂದು ಬರೆದ ಒಂದು ಪುಟ್ಟ ಮೇಜು. ಅದನ್ನು ನೋಡಲು ಹೋದಾಗ ವಾಸ್ತುಶಿಲ್ಪದ ಮುಖ್ಯಸ್ಥರು ನನಗೆ “ಪ್ರೈವಸಿ ಇರುತ್ತೆ ನೋಡಿ” ಎಂದು ತೋರಿಸಿದರು. ಮಾನ್ಯರೇ, ನನ್ನ ತಂಗಿ ಹಂದಿ ಕೊಬ್ಬಿನ ಆಲೂಗಡ್ಡೆಯನ್ನಾದರೂ ಗೆಳತಿಯರ ಪಕ್ಕದಲ್ಲಿ ಕೂತು, ನಗುತ್ತಾ ತಿಂದಿದ್ದಳು. ಅವಳಿಗೆ ಬೇಕಿದ್ದದ್ದು ಪಾತ್ರೆ ಬೇರೆ, ತಾವು ಕೊಟ್ಟದ್ದು ಪಂಕ್ತಿ ಬೇರೆ. ಇಷ್ಟು ಸಣ್ಣ ವ್ಯತ್ಯಾಸ ಇಷ್ಟು ದೊಡ್ಡ ತಲೆಗಳಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ. ಪತ್ರದ ಮರ್ಯಾದೆಗೆ ಧಕ್ಕೆ ಬರಬಾರದೆಂದು ಇಲ್ಲಿ ಒಂದು ಲೋಟ ನೀರು ಕುಡಿದು ಮುಂದುವರಿಯುತ್ತಿದ್ದೇನೆ.

ಇನ್ನು ತಮ್ಮ ಸೊನ್ನೆಯ ರಹಸ್ಯಕ್ಕೆ ಬರೋಣ. ಪುಟ್ಟಿಯನ್ನು ಕರೆಸಿಕೊಂಡ ಅದೇ ಸಭೆಯಲ್ಲಿ, ಪ್ರಯೋಗವನ್ನು ಯಾವ ತಿಂಗಳು ನಡೆಸಬೇಕೆಂಬ ಚರ್ಚೆ ಬಂದಾಗ, ಪ್ರಚಾರಾಧಿಕಾರಿಗಳು ಅಂತರ್ಜಾಲ ನೋಡಿ, ಮುಸ್ಲಿಮರಿಗೆ ರಂಜಾನ್ ಬಹಳ ಪವಿತ್ರವಾದ ತಿಂಗಳು, ಅವರ ಗೌರವಾರ್ಥ ಅದೇ ತಿಂಗಳು ಶುರು ಮಾಡೋಣ ಎಂದರು. ಎಲ್ಲರೂ ಮೇಜು ತಟ್ಟಿದರು. ಬಾಗಿಲ ಬಳಿಯ ಕುರ್ಚಿಯಿಂದ ಪುಟ್ಟಿ ಧೈರ್ಯ ಮಾಡಿ, “ಸರ್, ಆ ತಿಂಗಳು ನಾವು ಹಗಲು ಹೊತ್ತು ಏನೂ ತಿನ್ನಲ್ಲ, ನೀರೂ ಕುಡಿಯಲ್ಲ. ಸೂರ್ಯ ಮುಳುಗಿದ ಮೇಲೇ ಊಟ” ಎಂದಳು. ತಾವು ಪ್ರಸನ್ನವದನರಾಗಿ, “ನಿಮ್ಮ ಅಭಿಪ್ರಾಯವನ್ನ ದಾಖಲಿಸ್ಕೊಂಡಿದ್ದೀವಮ್ಮ” ಎಂದಿರಿ. ದಾಖಲಿಸಿಕೊಂಡೂ ಇದ್ದೀರಿ, ವರದಿಯಲ್ಲಿದೆ: ‘ರಂಜಾನ್ ತಿಂಗಳ ಬಗ್ಗೆ ಪ್ರತಿನಿಧಿಯು ಉಪಯುಕ್ತ ಮಾಹಿತಿ ನೀಡಿದರು.’ ಅನಂತರ ಹಲಾಲ್ ಊಟ ಮಧ್ಯಾಹ್ನ ಮಾತ್ರ ಎಂದೂ, ಸಂಜೆ ಬಿಸಿಲು ಇರುವಾಗಲೇ ಕೌಂಟರ್ ಮುಚ್ಚತಕ್ಕದ್ದು ಎಂದೂ ತೀರ್ಮಾನಿಸಿ ಸಭೆಯನ್ನು ಊಟಕ್ಕಾಗಿ ಮುಗಿಸಿದಿರಿ.

ಉಪವಾಸ ಮಾಡುವವರನ್ನು ಉಪವಾಸದ ತಿಂಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕರೆದು, ಅವರು ಬರದಿದ್ದುದರಿಂದ ಅವರಿಗೆ ಹಸಿವೇ ಇಲ್ಲವೆಂದು ಸಾಧಿಸಿ ತೋರಿಸುವ ವಿಧಾನ ನಮ್ಮ ಶಾಸ್ತ್ರದಲ್ಲಿ ಈವರೆಗೆ ಇರಲಿಲ್ಲ. ಇದನ್ನು ಬೇರೆ ಇಲಾಖೆಗಳಿಗೂ ವಿಸ್ತರಿಸಬೇಕೆಂದು ಬೇಡುತ್ತೇನೆ. ಗ್ರಂಥಾಲಯವನ್ನು ಒಂದು ತಿಂಗಳು ಬೇಸಿಗೆ ರಜೆಯಲ್ಲಿ ಮಾತ್ರ ತೆರೆದಿಟ್ಟು, ಈ ಊರಿನಲ್ಲಿ ಯಾರಿಗೂ ಓದು ಬೇಡವೆಂದು ಸಾಬೀತುಪಡಿಸಿದರೆ, ಕಟ್ಟಡ ಖಾಲಿಯಾಗಿ ತಮ್ಮ ಸಮಿತಿಯ ಸಭೆಗಳಿಗೆ ವಿಶಾಲವಾದ ಜಾಗ ಸಿಗುತ್ತದೆ.

ಆದರೆ ಮಾನ್ಯರೇ, ತಮ್ಮ ಸೊನ್ನೆಗೆ ಒಂದು ಸಣ್ಣ ತೊಡಕಿದೆ. ಬೇಡಿಕೆ ಸೊನ್ನೆಯಾಗಿದ್ದ ಅಷ್ಟೂ ದಿನ ಪಾತ್ರೆ ಮಾತ್ರ ಖಾಲಿಯಾಗುತ್ತಿತ್ತು. ಮೊದಲ ದಿನ ಬಾಣಸಿಗರು ಹೊಸ ಪಾತ್ರೆಯಲ್ಲಿ, ಹೊಸ ಸೌಟಿನಲ್ಲಿ, ಆಲೂಗಡ್ಡೆಯ ಪಾಪ ತೊಳೆದುಕೊಳ್ಳುವವರಂತೆ ಮುತುವರ್ಜಿಯಿಂದ ಕೋಳಿ ಬೇಯಿಸಿ ಕಾದರು. ಪಟ್ಟಿಯಾಚೆಗೆ ಊಟಕ್ಕೆಂದು ಒಬ್ಬರೂ ಬರಲಿಲ್ಲ. ಕೌಂಟರ್ ಮುಚ್ಚುವ ಹೊತ್ತಿಗೆ “ಮಾಡಿದ್ ಅಡುಗೆ ಚೆಲ್ಲಕ್ಕೆ ನನ್ ಕೈಲಾಗಲ್ಲಪ್ಪ, ಯಾರಾದ್ರೂ ಬನ್ರೋ” ಎಂದು ಕೂಗಿದರು. ಸಿವಿಲ್ ಎಂಜಿನಿಯರಿಂಗ್ ಹುಡುಗರು ಹಳದಿ ಪಟ್ಟಿಯನ್ನು ಹಾರಿ ಬಂದರು. ಮರುದಿನ ಅವರು ಮೊದಲೇ ಬಂದು ಸಾಲು ನಿಂತರು, ಅವರ ಹಿಂದೆ ಹಾಸ್ಟೆಲ್ಲಿನ ಅರ್ಧ ಜನ. ಅಪಾಯವನ್ನು ಸ್ವತಃ ಪರಿಶೀಲಿಸಲು ಬಂದ ಏಕತಟ್ಟೆ ವೇದಿಕೆಯ ಅಧ್ಯಕ್ಷರು ಒಂದು ತುತ್ತು ತಿಂದು, ಹುಬ್ಬು ಗಂಟಿಕ್ಕಿ, “ಇದ್ರಲ್ಲಿ ಏನೋ ಇದೆ” ಎಂದರು. ಅದು ಏನೆಂದು ಪತ್ತೆ ಹಚ್ಚಲು ಇನ್ನೊಂದು ತಟ್ಟೆ ಹಾಕಿಸಿಕೊಂಡರು. ಅವರ ತನಿಖೆ ತಿಂಗಳ ಕೊನೆಯವರೆಗೂ ನಡೆಯಿತು.

ಇವರೆಲ್ಲ ತಮ್ಮ ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಇವರು ಗುರಿ ಗುಂಪಲ್ಲ. ಗುರಿ ಯಾರು, ಗುರಿಯಲ್ಲದವರು ಯಾರು ಎಂದು ಮುಖ ನೋಡಿಯೇ ಗುರುತು ಹಾಕಲು ತಾವು ಕೌಂಟರಿನ ಪಕ್ಕ ಒಬ್ಬ ಗುಮಾಸ್ತರನ್ನು ಕೂರಿಸಿದ್ದಿರಿ. ಅವರು ತಿಂಗಳಲ್ಲಿ ಒಂದೇ ಒಂದು ಗುರುತು ಹಾಕಿದ್ದರು, ಅದು ಗಡ್ಡ ಬಿಟ್ಟ ತತ್ವಶಾಸ್ತ್ರದ ಅಧ್ಯಾಪಕರೊಬ್ಬರಿಗೆ. ವಿಚಾರಿಸಿದಾಗ ಅವರ ಗಡ್ಡಕ್ಕೆ ಸೋಮಾರಿತನದ ಹೊರತು ಬೇರೆ ಯಾವ ಆಧಾರವೂ ಇಲ್ಲವೆಂದು ತಿಳಿದು, ಆ ಗುರುತನ್ನೂ ಅಳಿಸಿದರು. ಸೊನ್ನೆಯನ್ನು ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಗುರಿ ಗುಂಪಿನ ಒಬ್ಬರೂ ಆ ಊಟ ಮಾಡಲಿಲ್ಲವೇ? ಮಾಡಿದರು. ಎರಡನೆಯ ದಿನದಿಂದ ಹೆಚ್ಚುಕಡಿಮೆ ಪ್ರತಿ ದಿನ ಮಾಡಿದರು. ಉದ್ದಜಡೆ ಎಂದೆನಲ್ಲ, ಆ ಹುಡುಗಿಗೂ ನಮ್ಮ ಧರ್ಮಕ್ಕೂ ಸಂಬಂಧವಿಲ್ಲ, ಅವಳಿಗೆ ಸಂಬಂಧವಿರುವುದು ನನ್ನ ತಂಗಿಯ ಜೊತೆ. ಅವಳು ಮಧ್ಯಾಹ್ನ ಹಸಿರು ತಟ್ಟೆ ತೆಗೆದುಕೊಂಡು, ಯಂತ್ರದ ಪಕ್ಕದ ಮೀಸಲು ಮೇಜಿನಲ್ಲಿ ತಾನೊಬ್ಬಳೇ ಕುಳಿತು, ಕ್ಯಾಂಟೀನಿನಿಂದ ಊಟ ಹೊರಗೆ ಒಯ್ಯುವಂತಿಲ್ಲವಾದ್ದರಿಂದ ಗುಮಾಸ್ತರ ಕಣ್ಣು ತಪ್ಪಿಸಿ ಆ ಊಟವನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು, ದುಪಟ್ಟದಡಿ ಮುಚ್ಚಿಟ್ಟುಕೊಂಡು ಕೋಣೆಗೆ ತರುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ಪುಟ್ಟಿ ಅದನ್ನು ತಿನ್ನುತ್ತಿದ್ದಳು. ತಣ್ಣಗಾಗಿರುತ್ತಿತ್ತು, ಆದರೂ ಆ ತಿಂಗಳು ಅವಳ ಕೆನ್ನೆ ಮತ್ತೆ ತುಂಬಿಕೊಂಡಿತು. ನೀನೇನು ತಿಂದೆ ಎಂದು ನಾನು ಕೇಳಿದರೆ ಉದ್ದಜಡೆ, “ನಾನು ಡಯೆಟ್ಟಲ್ಲಿದ್ದೀನಕ್ಕಾ, ಆಲೂಗಡ್ಡೆ ಸಾಕು” ಎನ್ನುತ್ತಿದ್ದಳು.

ತಿಂಗಳು ಮುಗಿಯುವ ಮುನ್ನ ಭದ್ರತಾ ಸಿಬ್ಬಂದಿ ಬಾಗಿಲಲ್ಲಿ ಅವಳನ್ನು ಹಿಡಿದರು. ಡಬ್ಬಿಯನ್ನು ಕಸಿದುಕೊಂಡರು, ಅದು ಈಗಲೂ ಅವರ ಮೇಜಿನ ಮೇಲೆ ಪೆನ್ನುಗಳನ್ನು ತುಂಬಿಕೊಂಡು ಕುಳಿತಿದೆ. ಈ ಘಟನೆಯನ್ನು ತಾವು ವರದಿಯ ಕೊನೆಯಲ್ಲಿ ಬರೆದಿದ್ದೀರಿ: ‘ಗುರಿ ಗುಂಪಿಗೆ ಸೇರದ ಒಬ್ಬ ವಿದ್ಯಾರ್ಥಿನಿ ಹಲಾಲ್ ಆಹಾರವನ್ನು ಕಳವು ಮಾಡುತ್ತಿದ್ದುದು ಪತ್ತೆಯಾಗಿದ್ದು, ಶಿಸ್ತು ಕ್ರಮಕ್ಕೆ ಶಿಫಾರಸು ಮಾಡಲಾಗಿದೆ.’ ಅಂದರೆ ಇಡೀ ಪ್ರಯೋಗದಲ್ಲಿ ಆ ಊಟ ಯಾರಿಗೆ ಸೇರಬೇಕಿತ್ತೋ ಅವರಿಗೆ ಸೇರಿಸಿದ ಒಬ್ಬಳೇ ಒಬ್ಬಳು ಕಳ್ಳಿ.

ಈಗ ಈ ಪತ್ರದಲ್ಲಿ ಎಲ್ಲಕ್ಕಿಂತ ಕಷ್ಟದ ಮಾತು. ಪ್ರಯೋಗದ ಮೊದಲ ದಿನ ತಮ್ಮ ಪ್ರಚಾರಾಧಿಕಾರಿಗಳು ಪುಟ್ಟಿಯನ್ನು ತರಗತಿಯಿಂದ ಕರೆಸಿ, ಅವಳ ಕೈಗೆ ಆವಿಯಾಡುವ ಹಸಿರು ತಟ್ಟೆ ಕೊಟ್ಟು, “ಸ್ವಲ್ಪ ನಗಮ್ಮಾ” ಎಂದು ಚಿತ್ರ ತೆಗೆದರು. ಅವಳು ಉಪವಾಸವಿದ್ದಳು. ತುಂಬಿದ ತಟ್ಟೆ ಹಿಡಿದುಕೊಂಡು ನಕ್ಕಳು, ಚಿತ್ರವಾದ ಮೇಲೆ ತಟ್ಟೆಯನ್ನು ವಾಪಸು ಕೊಟ್ಟು ತರಗತಿಗೆ ಹೋದಳು. ಆ ಚಿತ್ರ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ‘ಎಲ್ಲರಿಗೂ ಇಲ್ಲಿ ಒಂದೇ ಮೇಜು’ ಎಂಬ ತಲೆಬರಹದೊಂದಿಗೆ ಬಂತು. ಅದು ಅಮ್ಮನಿಗೆ ಸಿಕ್ಕಿತು. ಅಮ್ಮ ಅದನ್ನು ದೊಡ್ಡದಾಗಿ ಮುದ್ರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ, ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದಾಳೆ. “ನೋಡೇ, ಹೇಗೆ ನಗ್ತಾ ಇದೆ ಕೂಸು. ದೊಡ್ಡ ಮನುಷ್ಯರು ಕಣೇ ಅವ್ರು, ಹೊಟ್ಟೆಗೆ ಹಾಕ್ತಿದ್ದಾರೆ. ಇನ್ನು ನಾನ್ಯಾಕೆ ಬರ್ಲಿ?” ಎಂದಳು ನನಗೆ. ತಮ್ಮ ವರದಿ ಅಂಟಿದ ದಿನ ನಾನು ಫೋನ್ ಎತ್ತಿಕೊಂಡಾಗ ಪುಟ್ಟಿ ಕೈ ಹಿಡಿದುಕೊಂಡಳು. “ಅಮ್ಮಂಗೆ ಹೇಳ್ಬೇಡ ಕಣೇ ಅಕ್ಕಾ. ಹೇಳಿದ್ರೆ ನನ್ನ ಓದು ಮುಗೀತು. ನಾನು ಬ್ರೆಡ್ಡಲ್ಲೇ ಇರ್ತೀನಿ” ಎಂದಳು. ಎಂದರೆ, ಮಾನ್ಯರೇ, ಊಟವಿಲ್ಲದೆಯೂ ನನ್ನ ತಂಗಿಯನ್ನು ಇಲ್ಲಿ ಉಳಿಸಿಕೊಂಡಿರುವುದು ಊಟದ ತಟ್ಟೆಯ ಒಂದು ಚಿತ್ರ.

ನಾನೂ ಬಾಯಿ ಮುಚ್ಚಿಕೊಂಡೆ. ಆದರೆ ವರದಿಯ ಕೊನೆಯ ಪುಟವನ್ನು ಪುಟ್ಟಿ ಮರುದಿನ ಓದಿದಳು. ಓದಿ, ನನ್ನ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, “ಬರಿ ಅಕ್ಕಾ” ಎಂದಳು. “ಅವಳನ್ನ ಕಳ್ಳಿ ಅಂದಿದ್ದಾರೆ. ನನ್ನ ಓದು ಹೋದ್ರೆ ಹೋಗ್ಲಿ, ನೀನು ಬರಿ.” ಹಸಿವನ್ನು ಮುಚ್ಚಿಟ್ಟುಕೊಳ್ಳಲು ಅವಳಿಗೆ ಆಗುತ್ತಿತ್ತು. ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ನನ್ನ ತಂಗಿಯ ಬಗ್ಗೆ ನನಗೆ ಅಂದಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅಂದಿನಷ್ಟು ಹೊಟ್ಟೆ ಉರಿದದ್ದೂ ಇಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಭೂಮಿಯ ಮೇಲೆ ತಮಗಿರುವ ಪಾಂಡಿತ್ಯವನ್ನು ಬಳಸಿ, ಮುಂದಿನ ರಂಜಾನಿನಲ್ಲಿ ಅದನ್ನು ಸ್ವಲ್ಪ ಬೇಗ ತಿರುಗಿಸಿ, ಸೂರ್ಯಾಸ್ತವನ್ನು ಮಧ್ಯಾಹ್ನದ ಊಟದ ಗಂಟೆಗೆ ಹೊಂದಿಸಿಕೊಡಬೇಕು. ಕೌಂಟರಿನ ಸಮಯ ಬದಲಿಸುವುದಕ್ಕಿಂತ ಅದೇ ತಮಗೆ ಸುಲಭವಿರಬಹುದು. ಅದು ಆಗದಿದ್ದರೆ, ಸಮಿತಿಯ ಸಂಚಾಲಕ ಸ್ಥಾನವನ್ನು ಬೇಯಿಸಿದ ಆಲೂಗಡ್ಡೆಗೆ ಬಿಟ್ಟುಕೊಡಬೇಕು. ಅದೂ ತಮ್ಮಂತೆಯೇ ಹೊರಗೆ ಹೊಳೆಯುತ್ತದೆ, ಯಾರೊಬ್ಬರ ಮನಸ್ಸನ್ನೂ ನೋಯಿಸುವ ಉದ್ದೇಶ ಅದಕ್ಕಿಲ್ಲ, ಮೇಲಾಗಿ ಕೆಲವು ದಿನ ನನ್ನ ತಂಗಿಯ ಹೊಟ್ಟೆ ತುಂಬಿಸಿದ ಅನುಭವ ಸಮಿತಿಯಲ್ಲಿ ಯಾರಿಗಾದರೂ ಇದ್ದರೆ ಅದಕ್ಕೇ. ಇದೂ ಕಷ್ಟವೆನಿಸಿದರೆ, ಪವಾಡಗಳನ್ನೆಲ್ಲ ಬದಿಗಿಟ್ಟು, ಒಂದು ಪಾತ್ರೆ, ಒಂದು ಸೌಟು, ಒಂದು ಮುಚ್ಚಳ ಕೊಡಿ. ಹಳದಿ ಪಟ್ಟಿಯನ್ನು ಕೆರೆದು ತೆಗೆಯಿರಿ. ಎಲ್ಲರ ಕೌಂಟರಿನಲ್ಲೇ, ಎಲ್ಲರ ತಟ್ಟೆಯಲ್ಲೇ ಬಡಿಸಿ. ಅವಳು ಅದನ್ನು ತೆಗೆದುಕೊಂಡು ಹೋಗಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರಲಿ. ಉದ್ದಜಡೆಯ ಡಬ್ಬಿಯಿಂದ ಪೆನ್ನುಗಳನ್ನು ತೆಗೆದು, ತೊಳೆದು, ಕಳ್ಳಿ ಎಂಬ ಮಾತನ್ನು ವಾಪಸು ತೆಗೆದುಕೊಂಡು, ಅವಳ ಕೈಗೆ ಕೊಡಿ. ಇವಿಷ್ಟಕ್ಕೆ ಸಮಿತಿ ಬೇಕಾಗುವುದಿಲ್ಲವೆಂಬ ನಷ್ಟ ನನಗೆ ಅರ್ಥವಾಗುತ್ತದೆ.

ಇಷ್ಟು ದೀರ್ಘವಾಗಿ ತಮ್ಮ ಸಮಯವನ್ನು, ಅದರಲ್ಲೂ ಊಟದ ಸಮಯವನ್ನು ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರುತ್ತಾ, ತಮ್ಮ ಜೀರ್ಣಶಕ್ತಿ ಚೆನ್ನಾಗಿರಲೆಂದು ಹಾರೈಸುತ್ತೇನೆ.

ಗುರಿ ಗುಂಪಿನವಳೂ, ಆದಕಾರಣ ಬೇಡಿಕೆಯೇ ಇಲ್ಲದವಳೂ ಆದ

ತಮ್ಮ ವಿಶ್ವಾಸಿ,
ಸೊನ್ನೆಯ ಅಕ್ಕ

ತಾ.ಕ.: ಅಮ್ಮ ಪತ್ರಿಕೆ ಓದುವುದಿಲ್ಲ, ಪಕ್ಕದ ಮನೆಯವರು ಓದುತ್ತಾರೆ. ಆದ್ದರಿಂದ ಅವರು ಹೇಳುವ ಮೊದಲು ನಾನೇ ನಿನ್ನೆ ಫೋನಿನಲ್ಲಿ ಈ 
ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ. ಓದಿ ಮುಗಿಸಿದ ಮೇಲೆ ಗೋಡೆಯಿಂದ ಕಾಗದ ಕಿತ್ತ ಸದ್ದು ಕೇಳಿಸಿತು. ಸೋಮವಾರದ ಬಸ್ಸಿಗೆ ಹೊರಡುತ್ತಾಳೆ, ಬಂದವಳು ನೇರವಾಗಿ ತಮ್ಮ ಕೋಣೆಗೇ ಬರುತ್ತಾಳೆ. ಭದ್ರತಾಧಿಕಾರಿಗಳಿಗೆ ತಿಳಿಸುವ ಅಗತ್ಯವಿಲ್ಲ, ಅವಳು ಜಗಳವಾಡುವವಳಲ್ಲ. “ಆ ಮೇಷ್ಟ್ರಿಗೂ ಒಂದು ಡಬ್ಬಿ ತರ್ತೀನಿ, ಪಾಪ, ಹಸಿವು ಅಂದ್ರೇನು ಅಂತ ಗೊತ್ತಿಲ್ಲ ಅವ್ರಿಗೆ, ಊಟ ಅಂದ್ರೇನು ಅಂತಾದ್ರೂ ಗೊತ್ತಾಗ್ಲಿ” ಎಂದಿದ್ದಾಳೆ. ಅದಲ್ಲದೆ ಇನ್ನೆರಡು ಸಾಮಾನು ತರುತ್ತಿದ್ದಾಳೆ: ಕ್ಯಾಂಟೀನಿಗೆ ಕೊಡಲು ಮುಚ್ಚಳವಿರುವ ಒಂದು ದೊಡ್ಡ ಪಾತ್ರೆ, ಪುಟ್ಟಿಯ ಬಟ್ಟೆ ಪುಸ್ತಕ ತುಂಬಲು ಒಂದು ಸೂಟ್‌ಕೇಸ್. ಎರಡೂ ಖಾಲಿ. ಯಾವುದನ್ನು ತುಂಬಿಸಬೇಕೆಂದು ಸೋಮವಾರದೊಳಗೆ ತಾವು ತೀರ್ಮಾನಿಸಿ.